ಗುಟ್ಟಿನ ಪ್ರಶ್ನೆ, ಹಸಿರು ಡಬ್ಬಿ

“ಕಾಂಡೋಮ್ ಬಳಸ್ತೀರಾ?” ಗುರುತಿಲ್ಲದವರು ಫಾರಂ ಹಿಡ್ಕೊಂಡು ಎದುರು ಕೂತು ಕೇಳಿದ್ರೆ ಯಾರು ನಿಜ ಹೇಳ್ತಾರೆ? ಕೇಳಿದವರಿಗೆ ಹಿತವಾಗೋ ಉತ್ತರ ಕೊಟ್ಟು ಸಾಗಹಾಕ್ತಾರೆ, ಅಷ್ಟೆ.

ಕರ್ನಾಟಕದ ಎಚ್‌ಐವಿ ತಡೆ ಯೋಜನೆಗಳಲ್ಲಿ ಇದಕ್ಕೊಂದು ಉಪಾಯ ಬಳಸಿದ್ರು: ಮತಗಟ್ಟೆ ಸಮೀಕ್ಷೆ. ಹತ್ತು-ಹನ್ನೆರಡು ಜನ ಒಂದೇ ಕಡೆ ಸೇರ್ತಾರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಮರೆ. ಕೈಯಲ್ಲಿ ಪ್ರಶ್ನೆಯ ನಂಬರ್ ಇರೋ ಚೀಟಿಗಳು, ಹೆಸರು ಎಲ್ಲೂ ಇಲ್ಲ. ಒಬ್ಬರು ಪ್ರಶ್ನೆ ಓದ್ತಾರೆ. ಹೌದಾದ್ರೆ ಹಸಿರು ಡಬ್ಬಿ, ಇಲ್ಲ ಅಂದ್ರೆ ಕೆಂಪು, ನಮಗೆ ಸಂಬಂಧವೇ ಇಲ್ಲ ಅಂದ್ರೆ ಬಿಳಿ. ಎಲ್ಲರ ಚೀಟಿ ಒಟ್ಟಿಗೆ ಎಣಿಸೋದು. ಮುಖಾಮುಖಿ ಬಾಯಿಬಿಡದ ಎಷ್ಟೋ ಸಂಗತಿ ಈ ಡಬ್ಬಿಗಳಲ್ಲಿ ಹೊರಬಂತು.

ಮೈಸೂರಿನ ಲೈಂಗಿಕ ಕಾರ್ಯಕರ್ತೆಯರ ಸಂಘಟನೆ ಆಶೋದಯ ಸಮಿತಿ ಇನ್ನೂ ಮುಂದೆ ಹೋಯ್ತು. 2004ರಲ್ಲಿ ಶುರುವಾದ ಕೆಲಸ ಅದು. ಅಲ್ಲಿಯವರು ಬರೀ ಉತ್ತರ ಕೊಡೋರಾಗಿ ಉಳೀಲಿಲ್ಲ, ತರಬೇತಿ ಪಡೆದು ಸಂಶೋಧನೆಯಲ್ಲಿ ತಾವೇ ಕೈಜೋಡಿಸಿದ್ರು. ಈಗ ಬೇರೆ ರಾಜ್ಯದವರಿಗೂ ಕಲಿಸ್ತಾರೆ.

ಈ ಡಬ್ಬಿ, ತಾವೇ ಕೇಳೋ ಸಂಶೋಧನೆ ಎರಡನ್ನೂ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದ ಕುಂಬಾರವಾಡಕ್ಕೆ ತಂದ್ರೆ? ಕಾಡಿನ ನಡುವೆ ಚದುರಿದ ಮನೆಗಳು, ಕುಣಬಿ ಸಮುದಾಯದ ಮನೆಗಳಲ್ಲಿ ಕೊಂಕಣಿ ಮಾತು. ಪ್ರಶ್ನೆ ಆ ಮಾತಲ್ಲೇ ಇರ್ಬೇಕು, ಕೇಳೋರು ಅಲ್ಲಿಯವರೇ ಆಗ್ಬೇಕು. ಆದ್ರೆ ಕೇಳೋಕೆ ಬಂದವಳು ನಾದಿನಿ ಆಗಿಬಿಟ್ರೆ ಯಾರು ಬಾಯಿ ತೆಗೀತಾರೆ? ಅದಕ್ಕೇ ಚಿಕ್ಕ ಊರಲ್ಲಿ ತರಬೇತಿಯ ಮೊದಲ ಪಾಠ ಕೇಳೋದಲ್ಲ, ಕೇಳಿದ್ದನ್ನ ಹೊರಗೆ ಬಿಡದೇ ಇರೋದು. ಕೇಳೋಳು ಊರಿನ ಆಶಾ ಕಾರ್ಯಕರ್ತೆ ಆದ್ರೂ ಅಷ್ಟೇ. ಹಾಗಾಗಿ ಹೆಸರಿಲ್ಲದ ಚೀಟಿಯ ಡಬ್ಬಿ ಅಲ್ಲಿ ಇನ್ನೂ ಹೆಚ್ಚು ಬೇಕು.

ಎಚ್‌ಐವಿ ಬಗ್ಗೆ ನಿಮಗೇ ಏನಾದ್ರೂ ಕೇಳೋದಿದ್ಯಾ? 1097ಕ್ಕೆ ಫೋನ್ ಮಾಡಿ, ದುಡ್ಡು ಬೇಕಿಲ್ಲ.