ಕೈಯಲ್ಲೊಂದು ಕೈಪಿಡಿ ಇರಲಿ

‘ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ನುಡಿ. ಬೇಸಿಗೆಯ ರಜೆಯಲ್ಲಿ ಮಕ್ಕಳೊಡನೆ ಪ್ರವಾಸ ಹೊರಡುವ ಗೃಹಸ್ಥರಿಗೆ ಇವೆರಡನ್ನೂ ಒಟ್ಟಿಗೆ ಸಾಧಿಸುವ ಸುಯೋಗವುಂಟು. ಯುಗಾದಿ ಕಳೆದು ಶಾಲೆಗಳು ಮುಚ್ಚುತ್ತಲೇ ನಮ್ಮನ್ನು ಕಾಣಬರುವ ಬಂಧುಗಳು ಕೇಳುವ ಪ್ರಶ್ನೆಯೂ ಇದೇ: “ಅರಸೀಕೆರೆ, ಬೇಲೂರು, ಹಳೇಬೀಡುಗಳನ್ನು ನೋಡಿಬರೋಣವೆಂದಿದ್ದೇವೆ. ಜೊತೆಗೆ ಯಾವ ಪುಸ್ತಕ ಒಯ್ಯಬೇಕು?” ಅಂಗಡಿಯಲ್ಲಿ ಬಣ್ಣದ ಹೊದಿಕೆಯ ಹತ್ತಾರು ಪುಸ್ತಕಗಳು ದೊರೆಯುತ್ತವೆ. ಕೊಳ್ಳುವ ಮೊದಲು ಅಲ್ಲಿಯೇ ನಿಂತು ಮಾಡಬಹುದಾದ ಮೂರು ಪರೀಕ್ಷೆಗಳನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲನೆಯದಾಗಿ, ಪುಸ್ತಕವು ಅರಸೀಕೆರೆಯ ಬಗ್ಗೆ ಏನು ಹೇಳುತ್ತದೆಂದು ನೋಡಬೇಕು. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ–ಮೈಸೂರು ಮಾರ್ಗವು ಕೂಡಿಕೊಳ್ಳುವ ಈ ಊರು ರೈಲಿನಲ್ಲಿ ಬರುವವರಿಗೆ ಹೆಬ್ಬಾಗಿಲು. ಅನೇಕ ಪುಸ್ತಕಗಳು ‘ಇಲ್ಲಿ ಇಳಿದು ಬಸ್ಸು ಹಿಡಿಯಿರಿ’ ಎಂದು ಹೇಳಿ ಮುಂದೆ ಸಾಗಿಬಿಡುತ್ತವೆ. ಆದರೆ ಇದೇ ಊರಿನಲ್ಲಿ ಎರಡನೆಯ ವೀರಬಲ್ಲಾಳನ ಕಾಲಕ್ಕೆ ಸೇರುವ, ಸುಮಾರು ೧೨೨೦ರ ಈಶ್ವರ ದೇವಾಲಯವಿದೆ. ಹದಿನಾರು ಮೂಲೆಗಳ ನಕ್ಷತ್ರಾಕಾರದ ಅದರ ತೆರೆದ ಮುಖಮಂಟಪವು ಹೊಯ್ಸಳ ಶಿಲ್ಪದಲ್ಲಿಯೇ ಅಪರೂಪದ್ದು. ೧೨೨೦ರಲ್ಲಿಯೇ ದಂಡನಾಯಕ ರೇಚರಸನು ಇಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಸಮೀಪದ ಹಾರನಹಳ್ಳಿಯಲ್ಲಿ ೧೨೩೫ರ ಸುಮಾರಿಗೆ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸೋದರರು ಕಟ್ಟಿಸಿದ ಲಕ್ಷ್ಮೀನರಸಿಂಹ ಹಾಗೂ ಸೋಮೇಶ್ವರ ದೇವಾಲಯಗಳುಂಟು. ಹಳೇಬೀಡಿನ ಕಡೆಗೆ ಸಾಗುವ ದಾರಿಯಲ್ಲಿ ಜಾವಗಲ್ಲಿನ ನರಸಿಂಹ ದೇವಾಲಯವುಂಟು. ಹೆಸರಾಂತ ಎರಡು ಊರುಗಳನ್ನಷ್ಟೇ ಹೊಗಳಿ ಇವುಗಳನ್ನು ಬಿಟ್ಟ ಪುಸ್ತಕವನ್ನು ಬರೆದವರು ಈ ನೆಲದಲ್ಲಿ ತಿರುಗಾಡಿಲ್ಲವೆಂದು ತಿಳಿಯಬಹುದು. ಹಾಗೆಯೇ ಮುದ್ರಣದ ವರ್ಷವನ್ನೂ ನೋಡಬೇಕು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ೨೦೨೩ರ ಸೆಪ್ಟೆಂಬರಿನಲ್ಲಿ. ಅದರ ಉಲ್ಲೇಖವಿಲ್ಲದ ಪುಸ್ತಕ ಅದಕ್ಕೂ ಹಿಂದಿನದು. ಅದರಲ್ಲಿರುವ ಇತಿಹಾಸ ಸರಿಯಾಗಿರಬಹುದು. ರೈಲು, ಬಸ್ಸು, ವಸತಿಗಳ ವಿವರವನ್ನು ಮಾತ್ರ ನೆಚ್ಚಲಾಗದು.

ಎರಡನೆಯ ಪರೀಕ್ಷೆ ಬೇಲೂರಿನದು. ಪುಟ ತೆರೆಯುತ್ತಲೇ ಜಕಣಾಚಾರಿಯ ಕಥೆ ಎದುರಾಗುತ್ತದೆ. ತಂದೆ ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಮಗನು ತೋರಿಸಿದನಂತೆ, ಕಲ್ಲೊಳಗಿನಿಂದ ಕಪ್ಪೆ ಹೊರಬಂದಿತಂತೆ. ಸೊಗಸಾದ ಕಥೆ, ಮಕ್ಕಳಿಗೆ ಹೇಳಲು ಅಡ್ಡಿಯಿಲ್ಲ. ಆದರೆ ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ವಿಗ್ರಹಗಳ ಕೆಳಗೆ ಶಿಲ್ಪಿಗಳು ತಾವೇ ತಮ್ಮ ಹೆಸರನ್ನು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಅಲ್ಲಿ ಕಾಣುತ್ತಾರೆ. ಜಕಣಾಚಾರಿಯ ಹೆಸರು ಕಾಣದು. ಬಳ್ಳಿಗಾವೆಯೆಂದರೆ ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ಪರಂಪರೆ ಹೇಳುವ ಊರೇ. ಅಲ್ಲಿಂದ ಬಂದ ತಂದೆಮಕ್ಕಳು ಉಳಿ ಹಿಡಿದು ದುಡಿದು, ತಮ್ಮ ಕಾಯಕಕ್ಕೆ ತಾವೇ ಅಂಕಿತ ಹಾಕಿದರು. ಕಥೆಯನ್ನು ಕಥೆಯೆಂದು, ಶಾಸನವನ್ನು ಶಾಸನವೆಂದು ಬೇರ್ಪಡಿಸಿ ಹೇಳುವ ಪುಸ್ತಕವನ್ನೇ ಆಯ್ದುಕೊಳ್ಳಬೇಕು. ದುಡಿದವರ ನಿಜವಾದ ಹೆಸರು ಕಲ್ಲಿನ ಮೇಲಿರುವಾಗ ಕಲ್ಪಿತ ಹೆಸರಿಗೆ ಕೈಮುಗಿಯುವುದು ಕಾಯಕಕ್ಕೆ ನ್ಯಾಯವಲ್ಲ.

ಮೂರನೆಯ ಪರೀಕ್ಷೆಯೇ ಮುಖ್ಯವಾದುದು, ಅದು ಹಳೇಬೀಡಿನದು. ಹೊಯ್ಸಳೇಶ್ವರನ ಆನೆಗಳ ಸಾಲು, ಸಿಂಹಗಳ ಸಾಲು, ರಾಮಾಯಣ ಭಾರತಗಳ ಪಟ್ಟಿಕೆಗಳು ಎಲ್ಲ ಪುಸ್ತಕಗಳಲ್ಲಿಯೂ ಇರುತ್ತವೆ. ಅಲ್ಲಿಂದ ಅನತಿದೂರದ ಬಸದಿಹಳ್ಳಿಗೆ ಪುಸ್ತಕವು ನಮ್ಮನ್ನು ಕರೆದೊಯ್ಯುತ್ತದೆಯೇ? ಅಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಬಸದಿಗಳಿವೆ. ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪನು ೧೧೩೩ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವು ಕೈಸೇರಿದಾಗ ವಿಷ್ಣುವರ್ಧನನಿಗೆ ಯುದ್ಧದಲ್ಲಿ ವಿಜಯವೂ ಪುತ್ರಜನನವೂ ಒದಗಿದ್ದವು. ಅವನು ಹರ್ಷದಿಂದ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಅರಸನು ವಿಷ್ಣುಭಕ್ತ, ಪಟ್ಟದರಸಿ ಶಾಂತಲೆ ಜಿನಭಕ್ತೆ, ಅವಳ ತಂದೆ ಮಾರಸಿಂಗಯ್ಯ ಶಿವಭಕ್ತ. ಒಂದೇ ಮನೆತನದಲ್ಲಿ ಮೂರು ನಿಷ್ಠೆಗಳು ನೆಲೆಸಿದ್ದ ಕಾಲವದು.

ಇದೇ ಬಸದಿಗೆ ನಮ್ಮ ಸಮಾಜದ ಒಂದು ಪುಟವೂ ಸೇರಿದೆ. ೧೬೩೮ರ ಹಳೇಬೀಡಿನ ಶಾಸನವು ಅದನ್ನು ತಿಳಿಸುತ್ತದೆ. ಹುಚ್ಚಪ್ಪದೇವನೆಂಬ ವೀರಶೈವನು ವಿಜಯಪಾರ್ಶ್ವ ಬಸದಿಯ ಕಂಬಗಳಿಗೆ ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವ್ಯಾಜ್ಯ ಬೆಳೆಯಿತು. ಜೈನರು ನ್ಯಾಯ ಕೇಳಿ ಬಂದಾಗ ವೀರಶೈವರ ಮಹಾಮಹತ್ತು ಸೇರಿ ತೀರ್ಮಾನ ಮಾಡಿತು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ಜೈನರು ತಮ್ಮ ಪೂಜೆ ಪುನಸ್ಕಾರಗಳನ್ನು ಪೂರ್ವಸಂಪ್ರದಾಯದಂತೆ ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದು. ಇನ್ನು ಮುಂದೆ ಜಿನಧರ್ಮಕ್ಕೆ ಅಡ್ಡಿಮಾಡುವ ವೀರಶೈವನು ಮಹಾಮಹತ್ತಿನ ಪಾದಕ್ಕೆ ಹೊರಗು. ಅವನು ಶಿವನಿಗೂ ಜಂಗಮಕ್ಕೂ ದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೂ ಕಾಶಿ ರಾಮೇಶ್ವರಗಳ ಲಿಂಗಗಳಿಗೂ ತಪ್ಪಿದವನು.

ಈ ಶಾಸನವನ್ನು ನಾವು ಮೊದಲು ಕೇಳಿದ್ದು ಪುಸ್ತಕದಿಂದಲ್ಲ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆಯಲ್ಲಿ ಗುರುಗಳು ನಮ್ಮನ್ನೆಲ್ಲ ಹಳೇಬೀಡಿಗೆ ಕರೆತಂದಿದ್ದರು. ನಾವು ಹುಡುಗರು ಕಾಸು ಕೂಡಿಸಿ ಕೊಂಡ ಕಿರುಹೊತ್ತಗೆಯಲ್ಲಿ ಬಸದಿಗಳ ಹೆಸರೇ ಇರಲಿಲ್ಲ; ಹೊಯ್ಸಳೇಶ್ವರನನ್ನು ನೋಡಿದೊಡನೆ ಎಲ್ಲವೂ ಮುಗಿಯಿತೆಂದು ಬುತ್ತಿ ಬಿಚ್ಚಲು ಕುಳಿತೆವು. ಗುರುಗಳು ಎಬ್ಬಿಸಿ ಬಸದಿಗೆ ನಡೆಸಿದರು. ಕನ್ನಡಿಯಂತೆ ಹೊಳೆಯುವ ಕಂಬಗಳಲ್ಲಿ ನಮ್ಮ ಮುಖಗಳನ್ನು ನೋಡಿ ನಾವು ನಗುತ್ತಿದ್ದಾಗ, ಅವರು ಜೋಳಿಗೆಯಿಂದ ಒಂದು ಹಾಳೆ ತೆಗೆದು ಶಾಸನದ ನಕಲನ್ನು ನಿಧಾನವಾಗಿ ಓದಿದರು. ನಗು ನಿಂತಿತು. ಜೊತೆಗೆ ಬಂದಿದ್ದ ಹಿರಿಯ ಭಕ್ತರೊಬ್ಬರು ಅಸಮಾಧಾನದಿಂದ, “ನಮ್ಮ ಮನೆಯ ಹುಳುಕನ್ನು ಈ ಎಳೆಯರ ಮುಂದೆ ಏಕೆ ತೆರೆಯುತ್ತೀರಿ, ಗುರುಗಳೇ?” ಎಂದರು. ಗುರುಗಳು, “ತಪ್ಪಿದವನೂ ನಮ್ಮವನೇ, ತಿದ್ದಿದವರೂ ನಮ್ಮವರೇ. ಮೊದಲಿನದನ್ನು ಮುಚ್ಚಿಟ್ಟರೆ ಎರಡನೆಯದನ್ನು ಹೇಳುವುದು ಹೇಗಪ್ಪ?” ಎಂದರು. ಆ ಭಕ್ತರು ಮರುಮಾತಾಡಲಿಲ್ಲ. ಹಿಂದಿರುಗುವಾಗ ಆ ಹಾಳೆಯನ್ನು ಕೇಳಿ ಪಡೆದು ತಾವೇ ಮತ್ತೊಮ್ಮೆ ಓದಿಕೊಂಡರು.

ಆ ತೀರ್ಮಾನವು ಸರ್ವಸಮವಾದುದೆಂದು ನಾವು ಹೇಳಲಾರೆವು. ಅನ್ಯರ ಪೂಜೆಗೆ ಮೊದಲು ನಮ್ಮ ವಿಭೂತಿ ಸಲ್ಲಬೇಕೆಂಬ ಮಾತಿನಲ್ಲಿ ಅಂದಿನ ಮೇಲುಗೈ ಕಾಣುತ್ತದೆ. ಆದರೂ ತಮ್ಮವನ ಕೃತ್ಯವನ್ನು ಸಮರ್ಥಿಸದೆ, ಅಡ್ಡಿಮಾಡುವ ತಮ್ಮವರಿಗೇ ಶಾಪವಿಟ್ಟು ಕಲ್ಲಿನಲ್ಲಿ ಬರೆಸಿದ್ದು ಸಾಮಾನ್ಯವಲ್ಲ. ಇವೆರಡನ್ನೂ ಮಕ್ಕಳು ತಿಳಿಯಬೇಕು. ನಮ್ಮನ್ನು ಹೊಗಳುವುದಷ್ಟನ್ನೇ ಹೇಳುವ ಪುಸ್ತಕವು ಮಾರ್ಗದರ್ಶಿಯಾಗದು.

ಹಾಗೆಂದು ಹೆಮ್ಮೆಯ ಸಂಗತಿಗಳೂ ಕಡಿಮೆಯಿಲ್ಲ. ‘ಗಿರಿಜಾಕಲ್ಯಾಣ’ದ ಹರಿಹರನು ಹಂಪೆಗೆ ತೆರಳುವ ಮೊದಲು ದೋರಸಮುದ್ರದ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದು ನಮ್ಮ ಪರಂಪರೆ ಹೇಳುತ್ತದೆ. ಬೇಲೂರಿನಲ್ಲಿ ಕೆರೆ ಕಟ್ಟಿಸಿದ್ದರಿಂದಲೇ ಮಂತ್ರಿ ಪದ್ಮರಸನಿಗೆ ‘ಕೆರೆಯ’ ಪದ್ಮರಸನೆಂಬ ಹೆಸರು ಬಂದಿತೆಂದೂ ಹೇಳುತ್ತದೆ. ದೋರಸಮುದ್ರವೇ ಇಂದಿನ ಹಳೇಬೀಡು. ಪ್ರವಾಸದ ಪುಸ್ತಕಗಳಲ್ಲಿ ಇಂಥವು ಸಿಗುವುದು ವಿರಳ, ತಂದೆತಾಯಿಗಳೇ ಹೇಳಬೇಕು.

ಇನ್ನು ಪುಸ್ತಕಗಳ ಹೆಸರು. ಒಯ್ಯಲು ಹಗುರವಾದುದು ಡಚ್ ವಿದ್ವಾಂಸ ಗೆರಾರ್ಡ್ ಫೂಕೆಮಾ ಅವರು ೧೯೯೬ರಲ್ಲಿ ಹೊರತಂದ ಹೊಯ್ಸಳ ದೇವಾಲಯಗಳ ಕೈಪಿಡಿ. ಇಂಗ್ಲಿಷಿನಲ್ಲಿರುವುದರಿಂದ ಕಾಲೇಜಿನ ಮಕ್ಕಳ ಕೈಗೆ ಕೊಡಬಹುದು. ಷ. ಶೆಟ್ಟರ್ ಅವರ ೧೯೯೨ರ ಬೃಹದ್ಗ್ರಂಥವು ಗ್ರಂಥಾಲಯದಲ್ಲಿ ಕುಳಿತು ಓದತಕ್ಕದ್ದು. ಆರ್. ನರಸಿಂಹಾಚಾರ್ಯರು ೧೯೧೯ರಲ್ಲಿ ಬೇಲೂರಿನ ದೇವಾಲಯವನ್ನು ಕುರಿತು ಬರೆದ ಪುಸ್ತಕ ಹಳೆಯದಾದರೂ ಇಂದಿಗೂ ಆಧಾರ. ಹಾಸನ ಜಿಲ್ಲೆಯ ಶಾಸನಗಳಿಗೆ ಬಿ. ಎಲ್. ರೈಸ್ ಅವರ ೧೯೦೨ರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಐದನೆಯ ಸಂಪುಟವಿದೆ. ನಾವು ಹೇಳಿದ ಶಾಸನ ಅದರ ಬೇಲೂರು ತಾಲ್ಲೂಕಿನ ೧೨೮ನೆಯದು. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ವನ್ನು ಮನೆಯ ಹೆಣ್ಣುಮಕ್ಕಳೂ ಮಕ್ಕಳೂ ಹೊರಡುವ ಮುನ್ನ ಓದಿದರೆ ಸಂತೋಷವೇ, ಅದು ಕಾದಂಬರಿಯೆಂಬುದು ನೆನಪಿರಲಿ.

ಎಲ್ಲವನ್ನೂ ಕೊಳ್ಳಬೇಕಿಲ್ಲ. ಚೀಲದಲ್ಲಿ ಒಂದು ಕೈಪಿಡಿ, ಗ್ರಂಥಾಲಯದಿಂದ ನಕಲು ಮಾಡಿಕೊಂಡ ಎರಡು ಶಾಸನಗಳ ಹಾಳೆ, ಮಕ್ಕಳಿಗೊಂದು ಬರೆಯುವ ಪುಸ್ತಕ ಇದ್ದರೆ ಸಾಕು. ಬಿಸಿಲಿಗೆ ಅಂಗಳದ ಹಾಸುಗಲ್ಲು ಬರಿಗಾಲನ್ನು ಸುಡುತ್ತದೆ. ಬೆಳಗಿನ ಹೊತ್ತಿಗೇ ಹೊರಾವರಣವನ್ನು ಸುತ್ತಿ, ಮಧ್ಯಾಹ್ನ ನೆರಳಿನ ಮಂಟಪದಲ್ಲಿ ಕುಳಿತು ಓದಬೇಕು. ಹಳೇಬೀಡಿನಲ್ಲಿ ಹೊಯ್ಸಳೇಶ್ವರನನ್ನು ಕಂಡೊಡನೆ ಹಿಂದಿರುಗಬೇಡಿ. ಬಸದಿಯ ಕಂಬದ ಬಳಿ ಒಂದು ಗಳಿಗೆ ನಿಂತು, ಆ ಹಾಳೆಯನ್ನು ಮಕ್ಕಳ ಕೈಯಲ್ಲಿಯೇ ಓದಿಸಿರಿ. ತಿಳಿದವರಿಗೂ ತಿಳಿಯಬಯಸುವವರಿಗೂ ಶರಣು.