ಕುಶಿಂಗ್ ಕೈಬಿಟ್ಟ ಹಾದಿ

ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಏರುತ್ತದೆ, ದವಡೆ ಮುಂದೆ ಬರುತ್ತದೆ. ವರ್ಷಗಟ್ಟಲೆ ನಿಧಾನವಾಗಿ ನಡೆಯುವ ಈ ಬದಲಾವಣೆ ದಿನಾ ನೋಡುವ ಮನೆಯವರ ಕಣ್ಣಿಗೇ ಬೀಳುವುದಿಲ್ಲ. ಡಾಕ್ಟರು ಹಳೆಯ ಫೋಟೊ ತರಹೇಳುವುದು ಅದಕ್ಕೇ. 1886ರಲ್ಲಿ ಪ್ಯಾರಿಸ್ಸಿನ ಪಿಯರ್ ಮರಿ ಈ ಕಾಯಿಲೆಯನ್ನು ಅಕ್ರೊಮೆಗಲಿ ಎಂದು ಕರೆದರು. ಮೆದುಳಿನ ಬುಡದಲ್ಲಿರುವ ಪುಟ್ಟ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಎದ್ದು, ಬೆಳವಣಿಗೆಯ ಹಾರ್ಮೋನು ಮಿತಿಮೀರುವುದೇ ಇದರ ಮೂಲ ಎಂಬುದು ತಿಳಿದದ್ದು ಆಮೇಲೆ.

ಅಲ್ಲಿಗೆ ಕೈ ತಲುಪುವುದು ಹೇಗೆ? 1907ರಲ್ಲಿ ಇನ್ಸ್‌ಬ್ರುಕ್‌ನ ಹರ್ಮನ್ ಶ್ಲೋಫರ್ ಮೂಗಿನ ಕಡೆಯಿಂದ ಹೋಗಿ ತೋರಿಸಿದರು. ಅಮೆರಿಕದ ಹಾರ್ವೆ ಕುಶಿಂಗ್ ಮೇಲ್ತುಟಿಯ ಒಳಗೆ ಸೀಳಿ, ಮುಖದ ಮೇಲೆ ಗಾಯ ಉಳಿಯದಂತೆ ಅದೇ ಹಾದಿಯನ್ನು ಪಳಗಿಸಿದರು. ಇನ್ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದ ಮೇಲೆ, ತಲೆಬುರುಡೆ ತೆರೆದರೇ ಮೇಲೆಂದು ಅದನ್ನು ಕೈಬಿಟ್ಟರು. ಅವರು ಬಿಟ್ಟದ್ದನ್ನು ಉಳಿದವರಲ್ಲಿ ಬಹುತೇಕರೂ ಬಿಟ್ಟರು.

ಎಡಿನ್‌ಬರೋದ ನಾರ್ಮನ್ ಡಾಟ್ ಮಾತ್ರ ಬಿಡಲಿಲ್ಲ. ಕುಶಿಂಗರ ಬಳಿ ಕಲಿತದ್ದನ್ನು ಅವರು ಮಾಡುತ್ತಲೇ ಹೋದರು. 1956ರಲ್ಲಿ ಅದನ್ನು ಅವರಿಂದ ಕಲಿತ ಪ್ಯಾರಿಸ್ಸಿನ ಜೆರಾರ್ ಗಿಯೊ, ಉಪಕರಣ ಎಲ್ಲಿ ತಲುಪಿದೆ ಎಂದು ಎಕ್ಸ್-ರೇ ಪರದೆಯಲ್ಲಿ ನೋಡುತ್ತಾ ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಗಿಯೊ ಬಳಿ ಪಳಗಿದ ಮಾಂಟ್ರಿಯಲ್‌ನ ಜೂಲ್ ಹಾರ್ಡಿ 1960ರ ದಶಕದಲ್ಲಿ ಸೂಕ್ಷ್ಮದರ್ಶಕ ತಂದರು. ಅದರಡಿ ಹಳದಿ ಛಾಯೆಯ ಗಟ್ಟಿ ಗ್ರಂಥಿಯೇ ಬೇರೆ, ಬೂದು ಬಣ್ಣದ ಮೆತ್ತನೆಯ ಗಡ್ಡೆಯೇ ಬೇರೆಯಾಗಿ ಕಂಡವು. ಗ್ರಂಥಿ ಉಳಿಸಿ, ಗಡ್ಡೆಯನ್ನಷ್ಟೇ ಕೆರೆದು ತೆಗೆಯುವುದು ಸಾಧ್ಯವಾಯಿತು. ಗುರುವೇ ತೊರೆದದ್ದನ್ನು ಕಾಪಾಡಿಕೊಂಡ ಡಾಟ್‌ರನ್ನು ನೆನೆದರೆ ನನಗೆ ಇಂದಿಗೂ ಮನಸ್ಸು ತುಂಬುತ್ತದೆ.

ಏಕೆಂದರೆ 1932ರಲ್ಲಿ ಕುಶಿಂಗ್ ವಿವರಿಸಿದ, ಮುಖ ದುಂಡಗಾಗಿ ಹೊಟ್ಟೆಯ ಮೇಲೆ ನೇರಳೆ ಗೆರೆ ಮೂಡುವ, ಅವರದೇ ಹೆಸರಿನ ಕಾಯಿಲೆಗೆ ಇಂದು ಮೊದಲ ಚಿಕಿತ್ಸೆ ಅದೇ ಮೂಗಿನ ಹಾದಿಯ ಶಸ್ತ್ರಚಿಕಿತ್ಸೆ. ಆ ಕಾಯಿಲೆಯನ್ನು ಪತ್ತೆಹಚ್ಚುವುದೂ ಸುಲಭವಲ್ಲ. ರಾತ್ರಿ ಡೆಕ್ಸಾಮೆಥಾಸೋನ್ ಗುಳಿಗೆ ಕೊಟ್ಟು, ಬೆಳಿಗ್ಗೆ ರಕ್ತದಲ್ಲಿ ಕಾರ್ಟಿಸೋಲ್ ಹಾರ್ಮೋನು ಇಳಿಯಿತೇ ಎಂದು ನೋಡುತ್ತಾರೆ. ಎಂಆರ್‌ಐಗೂ ಕಾಣದಷ್ಟು ಸಣ್ಣ ಗಡ್ಡೆಯಾದರೆ, ತೊಡೆಸಂದಿಯಿಂದ ತೆಳು ಕೊಳವೆ ಏರಿಸಿ, ಪಿಟ್ಯುಟರಿಯಿಂದ ರಕ್ತ ಹರಿದು ಬರುವ ಸಿರೆಗಳಿಂದಲೇ ಮಾದರಿ ತೆಗೆಯುತ್ತಾರೆ.

ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಸ್ರವಿಸುವ ಪಿಟ್ಯುಟರಿ ಗಡ್ಡೆಯ ಕಥೆ ಬೇರೆ. ಮುಟ್ಟು ನಿಂತು, ಬಾಣಂತಿಯಲ್ಲದಿದ್ದರೂ ಎದೆಹಾಲು ಬರುವ ಹೆಂಗಸರು ಸಂಕೋಚದಿಂದ ಎಷ್ಟೋ ಕಾಲ ಬಾಯಿಬಿಡುವುದಿಲ್ಲ. 1970ರ ದಶಕದಲ್ಲಿ ಬಂದ ಬ್ರೊಮೊಕ್ರಿಪ್ಟಿನ್, ಆಮೇಲಿನ ಕ್ಯಾಬರ್ಗೊಲಿನ್ ಗುಳಿಗೆಗಳು ಹಾರ್ಮೋನನ್ನು ತಗ್ಗಿಸುವುದಲ್ಲದೆ ಗಡ್ಡೆಯನ್ನೂ ಕುಗ್ಗಿಸುತ್ತವೆ. ಹಾಗಾಗಿ ಗಡ್ಡೆ ದೊಡ್ಡದಾಗಿ ಕಣ್ಣಿನ ನರವನ್ನು ಒತ್ತುತ್ತಿದ್ದರೂ ಮೊದಲು ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸುತ್ತಾರೆ. ಹಲವರಿಗೆ ಆಪರೇಷನ್ನೇ ಬೇಕಾಗುವುದಿಲ್ಲ.