ನಾದ ಬೇಕು, ಮಾತು ಬೇಡ

1957ರ ಸೆಪ್ಟೆಂಬರ್. ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಊರಿಗೆ ಕಛೇರಿ ಕೊಡಲು ಬಂದಿದ್ದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರನ್ನು ಕಾಣಲು ಹೋಟೆಲಿಗೆ ಬಂದವನು 21ರ ಹರೆಯದ ವಿದ್ಯಾರ್ಥಿ ವರದಿಗಾರ. ರಾಜಕೀಯ ಎತ್ತಬೇಡ ಎಂದು ಸಂಪಾದಕರು ಹೇಳಿ ಕಳಿಸಿದ್ದರು. ಹುಡುಗ ಎತ್ತಿಯೇಬಿಟ್ಟ.

ಆಗ ಅಮೆರಿಕದ ತುಂಬ ಲಿಟಲ್ ರಾಕ್‌ನದೇ ಸುದ್ದಿ. ಅಲ್ಲಿನ ಬಿಳಿಯರ ಹೈಸ್ಕೂಲಿಗೆ ಒಂಬತ್ತು ಕಪ್ಪು ಮಕ್ಕಳು ಕಾಲಿಡದಂತೆ ಅರ್ಕಾನ್ಸಾ ಗವರ್ನರ್ ಆರ್ವಲ್ ಫಾಬಸ್ ಸಶಸ್ತ್ರ ಕಾವಲು ಹಾಕಿಸಿದ್ದ. ಆರ್ಮ್‌ಸ್ಟ್ರಾಂಗ್ ಗವರ್ನರನನ್ನೂ ಬಿಡಲಿಲ್ಲ, ಅಧ್ಯಕ್ಷ ಐಸೆನ್‌ಹೋವರ್‌ರನ್ನೂ ಬಿಡಲಿಲ್ಲ. ಅಧ್ಯಕ್ಷರಿಗೆ ಧೈರ್ಯವಿಲ್ಲ ಎಂದರು. ಸರ್ಕಾರದ ಪರವಾಗಿ ಸೋವಿಯತ್ ದೇಶಕ್ಕೆ ಹೋಗುವ ಮಾತನ್ನೂ ಕೈಬಿಟ್ಟರು. ಬಿಳಿಯರೆದುರು ಹಲ್ಲು ಕಿರಿಯುವವನೆಂದು ಕಿರಿಯ ಜಾಝ್ ಕಲಾವಿದರಿಂದಲೇ ಮೂದಲಿಕೆ ತಿಂದಿದ್ದ ಮನುಷ್ಯ ಇವರು! ವಾರ ಕಳೆಯುವಷ್ಟರಲ್ಲಿ ಅಧ್ಯಕ್ಷರು ಸೇನೆಯನ್ನು ಕಳಿಸಿ ಮಕ್ಕಳನ್ನು ಶಾಲೆಯೊಳಗೆ ಬಿಡಿಸಿದರು. ಅದು ಈ ಸಂದರ್ಶನದ ಫಲವೆಂದರೆ ಅತಿಯಾದೀತು. ಆರ್ಮ್‌ಸ್ಟ್ರಾಂಗ್ ಮಾತ್ರ ಮೆಚ್ಚಿ ತಂತಿ ಕಳಿಸಿದರು.

ಇಲ್ಲೊಂದು ವಿಚಿತ್ರವಿದೆ. 1956ರಿಂದ ಅಮೆರಿಕದ ವಿದೇಶಾಂಗ ಇಲಾಖೆ ಡಿಝಿ ಗಿಲೆಸ್ಪಿಯಂಥ ವಾದಕರನ್ನು ದೇಶದೇಶ ಸುತ್ತಿಸಿ, ಜಾಝ್ ಎಂದರೆ ಸ್ವತಂತ್ರ ಜನರ ಸಂಗೀತವೆಂದು ಸಾರುತ್ತಿತ್ತು. ಅದೇ ವರ್ಷ ಲೂಸಿಯಾನಾ ರಾಜ್ಯ ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ನುಡಿಸುವುದನ್ನು ಕಾನೂನು ಮಾಡಿ ನಿಷೇಧಿಸಿತು. ಮಿಶ್ರ ತಂಡ ಕಟ್ಟಿದ್ದ ಆರ್ಮ್‌ಸ್ಟ್ರಾಂಗ್ ತಮ್ಮ ಹುಟ್ಟೂರು ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ನುಡಿಸಿದ್ದು 1965ರಲ್ಲಿ.

ವಾದ್ಯದ ಸಿಟ್ಟನ್ನು ಸಹಿಸುವ ಮಾರುಕಟ್ಟೆಗೆ ಮಾತಿನ ಸಿಟ್ಟು ರುಚಿಸುತ್ತಿರಲಿಲ್ಲ. ಅರ್ಕಾನ್ಸಾ ಗವರ್ನರನನ್ನು ಗೇಲಿ ಮಾಡಿ ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಕಟ್ಟಿದ 'ಫೇಬಲ್ಸ್ ಆಫ್ ಫಾಬಸ್' 1959ರಲ್ಲಿ ಕೊಲಂಬಿಯಾ ಕಂಪನಿಯ ತಟ್ಟೆಯಲ್ಲಿ ಬಂದದ್ದು ಸಾಹಿತ್ಯವಿಲ್ಲದೆ, ಬರೀ ವಾದ್ಯವಾಗಿ. ಮಿಂಗಸ್ ಮತ್ತು ಡ್ರಮ್ಮರ್ ಡ್ಯಾನಿ ರಿಚ್ಮಂಡ್ ಬೈಗುಳದ ಸವಾಲು-ಜವಾಬು ಹಾಡಿದ ರೂಪ ಮರುವರ್ಷ ಕ್ಯಾಂಡಿಡ್ ಎಂಬ ಸಣ್ಣ ಕಂಪನಿಯಿಂದ ಹೊರಬಂತು.

ಅದೇ ಕಂಪನಿಗಾಗಿ 1960ರಲ್ಲೇ ಡ್ರಮ್ಮರ್ ಮ್ಯಾಕ್ಸ್ ರೋಚ್ 'ವಿ ಇನ್ಸಿಸ್ಟ್!' ಆಲ್ಬಂ ಧ್ವನಿಮುದ್ರಿಸಿದರು. ಅದರಲ್ಲಿ ಗಾಯಕಿ ಆಬಿ ಲಿಂಕನ್ ಒಂದೆಡೆ ಪದಗಳನ್ನೇ ಬಿಟ್ಟು ಚೀರುತ್ತಾರೆ. ಇವತ್ತಿಗೂ ಹಿತವಾಗಿ ಕೂತು ಕೇಳುವ ಹಾಡಲ್ಲ ಅದು. ಆಕೆಯದೇ 'ಸ್ಟ್ರೇಟ್ ಅಹೆಡ್' ಆಲ್ಬಂ ಬಂದಾಗ, ಜನಾಂಗವನ್ನೇ ಕಸುಬು ಮಾಡಿಕೊಂಡವಳೆಂದು ಬಿಳಿಯ ವಿಮರ್ಶಕನೊಬ್ಬ ಹಂಗಿಸಿದ. 1962ರಲ್ಲಿ 'ಡೌನ್‌ಬೀಟ್' ಪತ್ರಿಕೆ ಇಬ್ಬರನ್ನೂ ಎದುರುಬದುರು ಕೂರಿಸಿ ಚರ್ಚೆ ನಡೆಸಿತು. ಲಿಂಕನ್ ತಮ್ಮ ಹೆಸರಿನ ಮುಂದಿನ ಆಲ್ಬಂ ಮುದ್ರಿಸಿದ್ದು 1973ರಲ್ಲಿ, ಅದೂ ಜಪಾನಿನಲ್ಲಿ.